ಒಂದೂವರೆ ನಿಮಿಷದ ಆಸನ, ಹದಿಮೂರು ಗಂಟೆಯ ಬೆಲ್ಟ್

ಹನ್ನೆರಡು-ಹದಿಮೂರರ ಹುಡುಗಿಯ ಬೆನ್ನೆಲುಬು ಪಕ್ಕಕ್ಕೆ ಬಾಗಿದೆ ಎಂದು ತಿಳಿದ ಮನೆಗೆ, ಒಂದು ಕೈಯ ಮೇಲೆ ಮಗ್ಗುಲಾಗಿ ಮೈ ಎತ್ತಿ ಹಿಡಿಯುವ ವಸಿಷ್ಠಾಸನದ ಸಲಹೆ ಬರಲು ತಡವಾಗುವುದಿಲ್ಲ. ಒಂದೇ ಆಸನ, ಒಂದೇ ಮಗ್ಗುಲು, ದಿನಕ್ಕೆ ಒಂದೆರಡು ನಿಮಿಷ. ಬಾಗು ಮೂರರಲ್ಲೊಂದು ಪಾಲು ಇಳಿಯುತ್ತದೆ ಎನ್ನುತ್ತಾರೆ. ಈ ಮಾತಿನ ಬೇರು ನ್ಯೂಯಾರ್ಕಿನ ವೈದ್ಯ ಲೊರೆನ್ ಫಿಶ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಫಿಶ್‌ಮನ್ ಪುಣೆಯಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಅವರ ಬಳಿ ಕಲಿತವರು. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಯೋಗ ಕಲಿತವರು. ಹಾಗಾಗಿ ಆ ಪ್ರಬಂಧದ ಮೇಲೆ ನಮಗೆ ತವರಿನ ಮಮತೆ. ಅದೇ ಮಮತೆಯಿಂದ ಓದಲು ಕೂತ ನನಗೆ ಅದರ ಅಂಕಿಗಳ ಮುಂದೆ ಸಂಕಟವಾಯಿತು.

ಪ್ರಬಂಧದಲ್ಲಿ ಇರುವುದು 25 ಜನ. ಅವರ ಬಾಗು 6 ಡಿಗ್ರಿಯಿಂದ 120 ಡಿಗ್ರಿಯವರೆಗೆ. ಸರಾಸರಿ ದಿನಕ್ಕೆ ಒಂದೂವರೆ ನಿಮಿಷ, ವಾರಕ್ಕೆ ಆರು ದಿನ ಆಸನ ಮಾಡಿದೆವೆಂದು ಅವರೇ ಹೇಳಿಕೊಂಡರು. ಸುಮಾರು ಏಳು ತಿಂಗಳ ಮೇಲೆ ಅಳೆದಾಗ ಬಾಗು ಸರಾಸರಿ 32 ಪ್ರತಿಶತ ಇಳಿದಿತ್ತು; ತಪ್ಪದೆ ಮಾಡಿದ ಹದಿಹರೆಯದ ಏಳು ಮಂದಿಯಲ್ಲಿ 49 ಪ್ರತಿಶತ.

ಮೊದಲು ಆ 6 ಡಿಗ್ರಿಯ ಮುಂದೆ ನಿಲ್ಲೋಣ. ಎಕ್ಸ್‌ರೇ ಮೇಲೆ ಗೆರೆ ಎಳೆದು ಬಾಗನ್ನು ಅಳೆಯುವ ಕ್ರಮವನ್ನು ಜಾನ್ ಕಾಬ್ 1948ರಲ್ಲಿ ಕೊಟ್ಟರು. ಆ ಅಳತೆಯಲ್ಲಿ 10 ಡಿಗ್ರಿ ಮುಟ್ಟದ ಬೆನ್ನಿಗೆ ಸ್ಕೋಲಿಯೋಸಿಸ್ ಎಂಬ ಹೆಸರೇ ಇಲ್ಲ. ಒಂದೇ ಫಿಲ್ಮನ್ನು ಎರಡು ಸಲ ಅಳೆದರೂ ಸುಮಾರು ಐದು ಡಿಗ್ರಿ ಆಚೀಚೆ ಆಗಬಹುದು. ಈಗ ಲೆಕ್ಕ ನೋಡಿ: 6 ಇದ್ದದ್ದು 3 ಆದರೆ 50 ಪ್ರತಿಶತ ಇಳಿಕೆ, 60 ಇದ್ದದ್ದು 57 ಆದರೆ ಬರೀ 5. ಇಳಿದದ್ದು ಎರಡೂ ಕಡೆ ಮೂರೇ ಡಿಗ್ರಿ, ಅದೂ ಅಳತೆಯ ತಪ್ಪಿನೊಳಗೇ ಮುಳುಗುವಂಥದ್ದು. ಪ್ರತಿಶತದ ಸರಾಸರಿ ತೆಗೆದಾಗ ಚಿಕ್ಕ ಬಾಗಿನ ದನಿಯೇ ಜೋರಾಗುತ್ತದೆ. ಜೊತೆಗೆ, ಆಸನ ಮಾಡದ ಗುಂಪೊಂದು ಹೋಲಿಕೆಗೆ ಇರಲೇ ಇಲ್ಲ. ಬೆಳೆಯುತ್ತಿರುವ ಮಕ್ಕಳೂ ಕೀಲು ಸವೆದ ವೃದ್ಧರೂ ಒಂದೇ ತಕ್ಕಡಿಯಲ್ಲಿ ಕೂತಿದ್ದಾರೆ. ಇಬ್ಬರ ಬೆನ್ನೂ ಬಾಗಿರಬಹುದು, ಬಾಗಿದ ಕಾರಣ ಬೇರೆ. ಅದು ಸರಣಿ ಪ್ರಕರಣಗಳ ವರದಿ ಎಂದು ಲೇಖಕರೇ ಶೀರ್ಷಿಕೆಯಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ರುಜುವಾತು ಮಾಡಿಕೊಂಡವರು ನಾವು.

ಇದರ ಎದುರು ಬ್ರೇಸನ್ನು ಇಡುತ್ತೇನೆ. ನಮ್ಮವರು ಬೆಲ್ಟ್ ಎನ್ನುವ ಆ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. 2013ರಲ್ಲಿ ಸ್ಟುವರ್ಟ್ ವೈನ್‌ಸ್ಟೀನ್ ಮತ್ತಿತರರು ಅಮೆರಿಕ, ಕೆನಡಾಗಳ 25 ಕೇಂದ್ರಗಳಲ್ಲಿ 242 ಮಕ್ಕಳನ್ನು ಗಮನಿಸಿದ ಪ್ರಯೋಗದ ಫಲ ಪ್ರಕಟಿಸಿದರು. ಬಾಗು 20ರಿಂದ 40 ಡಿಗ್ರಿ, ವಯಸ್ಸು 10ರಿಂದ 15, ಎಲುಬು ಇನ್ನೂ ಬೆಳೆಯುತ್ತಿರುವ ಮಕ್ಕಳು. ಬೆಳವಣಿಗೆ ಮುಗಿಯುವವರೆಗೆ 50 ಡಿಗ್ರಿ ಮುಟ್ಟದಿದ್ದರೆ ಗೆಲುವು. ಬ್ರೇಸ್ ತೊಟ್ಟವರಲ್ಲಿ 72 ಪ್ರತಿಶತ ಗೆದ್ದರು, ತೊಡದವರಲ್ಲಿ 48. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಬ್ರೇಸ್ ಬೆನ್ನನ್ನು ನೆಟ್ಟಗೆ ಮಾಡುತ್ತೇನೆ ಎನ್ನುವುದಿಲ್ಲ. ಇದ್ದಲ್ಲಿಗೆ ನಿಲ್ಲಿಸುತ್ತೇನೆ ಎನ್ನುತ್ತದೆ, ಬಹುಪಾಲು ನಿಲ್ಲಿಸುತ್ತದೆ. ಈ ಮಾತು ಸಣ್ಣದಾಗಿ ಕೇಳುವುದರಿಂದಲೇ ಅದು ಸೋಲುತ್ತಿದೆ. 50 ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ಏರುತ್ತಲೇ ಹೋಗುವ ಸಂಭವವಿದೆ. ಶಸ್ತ್ರಚಿಕಿತ್ಸೆಯ ಮಾತು ಶುರುವಾಗುವುದು ಅಲ್ಲಿ. ಬೆಳೆಯುವ ವಯಸ್ಸಿನಲ್ಲಿ ಬಾಗು ಏರುವುದು ಹೀಗೆ: ಒಳಬಾಗಿದ ಕಡೆ ಒತ್ತಡ ಹೆಚ್ಚಿ ಎಲುಬು ಕುಂಠಿತವಾಗುತ್ತದೆ, ಇನ್ನೊಂದು ಕಡೆ ಬೆಳೆಯುತ್ತದೆ, ಕಶೇರುಕ ಬೆಣೆಯಂತಾಗುತ್ತದೆ. ಇಡೀ ದಿನ ನಡೆಯುವ ಈ ಒತ್ತಡಕ್ಕೆ ಎದುರಾಗಿ ಗಂಟೆಗಟ್ಟಲೆ ಒತ್ತಬೇಕು. (ಪತ್ರಿಕೆಗಳು ಈ ಕಾಯಿಲೆಯನ್ನು ಬೆನ್ನುಹುರಿ ಬಾಗುವುದು ಎಂದು ಬರೆಯುತ್ತವೆ. ಹುರಿ ಒಳಗಿನ ನರದ ಹಗ್ಗ. ಇಲ್ಲಿ ಬಾಗುವುದೂ ತಿರುಚುವುದೂ ಅದನ್ನು ಹೊತ್ತ ಎಲುಬು. ಚಿಕಿತ್ಸೆ ಯಾವುದರ ಮೇಲೆ ಎಂಬುದೇ ಈ ತಪ್ಪು ಪದದಲ್ಲಿ ಮಸುಕಾಗುತ್ತದೆ.)

ಬ್ರೇಸ್ ವಿರೋಧಿಗಳ ಎರಡು ವಾದಗಳಿವೆ. ತೊಡದವರಲ್ಲೂ ಅರ್ಧದಷ್ಟು ಮಂದಿ ಗೆದ್ದರಲ್ಲ ಎಂಬುದು ಒಂದು. ನಿಜ, ಆ ಅರ್ಧದಲ್ಲಿ ನಿಮ್ಮ ಮಗಳಿದ್ದಾಳೆಯೇ ಎಂದು ಮೊದಲೇ ಹೇಳಬಲ್ಲವರು ಯಾರು? ಹುಡುಗಿಯ ಮನಸ್ಸು ಮುರಿಯುತ್ತದೆ ಎಂಬುದು ಇನ್ನೊಂದು. ಪ್ರಯೋಗದಲ್ಲಿ ಜೀವನದ ಗುಣಮಟ್ಟವನ್ನು ಅಳೆದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚರ್ಮದ ತೊಂದರೆಗಳಿದ್ದವು, ಅವನ್ನು ಮುಚ್ಚಿಡಬಾರದು. ಬೆನ್ನು ಮುರಿದೀತು ಎಂಬ ಭಯಕ್ಕಿಂತ ಮನಸ್ಸು ಮುರಿದೀತು ಎಂಬ ಭಯವನ್ನೇ ದೊಡ್ಡದು ಮಾಡಿ ಬರೆಯುವವರು ಜೀವನದ ಗುಣಮಟ್ಟದ ಆ ಅಂಕಿಯನ್ನೂ ಓದುಗರ ಮುಂದಿಡಬೇಕು.

ವ್ಯಾಯಾಮವನ್ನು ನಾನು ತಳ್ಳಿಹಾಕುತ್ತಿಲ್ಲ. ತಾನೇ ಬಾಗಿದ ಬೆನ್ನಿನ ಕಥರೀನಾ ಶ್ರಾತ್ 1921ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಆರಂಭಿಸಿದ ಪದ್ಧತಿ, ಬಾಗಿದ ಪಕ್ಕೆಗೆ ಉಸಿರು ತುಂಬಿಸುವ ಅದರ ಕ್ರಮ, ಮುಂದೆ ಹೋಲಿಕೆಯ ಗುಂಪಿಟ್ಟೇ ಪರೀಕ್ಷೆಗೆ ಒಳಗಾಯಿತು. ಇಳಿಕೆ ಕೆಲವೇ ಡಿಗ್ರಿ. ವಸಿಷ್ಠಾಸನವನ್ನೂ ಹಾಗೆ ಪರೀಕ್ಷಿಸಲಿ. ಅಲ್ಲಿಯವರೆಗೆ ಅದು ಬ್ರೇಸಿನ ಜೊತೆಗಿರಲಿ, ಬ್ರೇಸಿನ ಬದಲಿಗಲ್ಲ. ಬೆಳೆಯುವ ಹುಡುಗಿಗೆ ‘ಏಳು ತಿಂಗಳು ನೋಡೋಣ’ ಎನ್ನುವುದು ತುಟ್ಟಿ. ಎತ್ತರ ಹಠಾತ್ತನೆ ಏರುವ ಆ ತಿಂಗಳುಗಳಲ್ಲೇ ಬಾಗೂ ಓಡುತ್ತದೆ.

2013ರ ಆ ಪ್ರಯೋಗದ ಬ್ರೇಸುಗಳೊಳಗೆ ಮೈಶಾಖ ಗುರುತಿಸುವ ಪುಟ್ಟ ಸಾಧನವಿತ್ತು. ಮಕ್ಕಳಿಗೆ ಹೇಳಿದ್ದು ದಿನಕ್ಕೆ ಕನಿಷ್ಠ 18 ಗಂಟೆ. ಮೊದಲ ಆರು ತಿಂಗಳಲ್ಲಿ ಅವರು ತೊಟ್ಟದ್ದು ಸರಾಸರಿ 12. ಆರು ಗಂಟೆಯೊಳಗೆ ತೊಟ್ಟವರ ಗೆಲುವು 41 ಪ್ರತಿಶತ, ತೊಡದವರಿಗಿಂತ ಮೇಲೇನಲ್ಲ. ಸುಮಾರು 13 ಗಂಟೆ ದಾಟಿದವರಲ್ಲಿ 90ಕ್ಕೂ ಹೆಚ್ಚು. ಸಂಜೆ ಆರಕ್ಕೆ ಬಿಗಿದು ಬೆಳಿಗ್ಗೆ ಏಳಕ್ಕೆ ಬಿಚ್ಚಿದರೂ ಹದಿಮೂರು ಗಂಟೆ ಆಗುತ್ತದೆ. ಹದಿನೆಂಟು ಅಸಾಧ್ಯವೆಂದು ಬೆಲ್ಟನ್ನು ಅಟ್ಟಕ್ಕೆಸೆಯಲು ಹೊರಟ ಮನೆಯವರಿಗೆ ಈ ಲೆಕ್ಕವನ್ನಾದರೂ ಯಾರಾದರೂ ಕೂತು ಹೇಳಬೇಕಿತ್ತು.