ಅನ್ನ ಬಿಟ್ಟವರ ಕೋಳಿ

ಸಕ್ಕರೆ ಕಾಯಿಲೆಗೋ ಸೊಂಟದ ಸುತ್ತಳತೆಗೋ ಹೆದರಿ ಅನ್ನ ಬಿಟ್ಟವರು ಕರಾವಳಿಯಲ್ಲೂ ಈಗ ಓಣಿಗೊಬ್ಬರು ಸಿಗುತ್ತಾರೆ. ಅವರು ಮಾಡುವುದಿಷ್ಟೇ: ಕುಚ್ಚಲಕ್ಕಿ ಅನ್ನವನ್ನೋ ಕೋರಿ ರೊಟ್ಟಿಯನ್ನೋ ಪಕ್ಕಕ್ಕಿಟ್ಟು, ಎಂದಿನ ಕೋಳಿ ಸಾರನ್ನೇ ಬಟ್ಟಲಿಗೆ ಬಡಿಸಿಕೊಂಡು ಚಮಚದಲ್ಲಿ ಕುಡಿಯುತ್ತಾರೆ. ನಾಲ್ಕು ದಿನಕ್ಕೆ ನಾಲಿಗೆ ಉರಿಯುತ್ತದೆ, ಬಾಯೆಲ್ಲ ಉಪ್ಪುಪ್ಪು. ಐದನೇ ದಿನ ನೀರ್ ದೋಸೆಯ ಕಾವಲಿ ಒಲೆ ಏರುತ್ತದೆ. ದೂರು ಪಥ್ಯದ ಮೇಲೆ ಬೀಳುತ್ತದೆ. ಎಡವಟ್ಟು ಇರುವುದು ಸಾರಿನಲ್ಲಿ.

ಕುಂದಾಪುರದ ಕೋಳಿ ಸಾರಾಗಲಿ, ಮಂಗಳೂರಿನ ಕೋರಿ ಗಸಿಯಾಗಲಿ, ಪಕ್ಕದಲ್ಲಿ ಅಕ್ಕಿಯದ್ದೇನೋ ಇದೆ ಎಂಬ ಲೆಕ್ಕದಲ್ಲೇ ಅದರ ಉಪ್ಪು, ಹುಳಿ, ಖಾರ, ನೀರು ಬಿದ್ದಿರುತ್ತದೆ. ಗರಿಗರಿ ರೊಟ್ಟಿ ನೆನೆದು ಮೆತ್ತಗಾಗಬೇಕಾದರೆ ಗಸಿ ತೆಳ್ಳಗಿರಬೇಕು. ಸಪ್ಪೆ ಅಕ್ಕಿಗೆ ರುಚಿ ಹತ್ತಬೇಕಾದರೆ ಉಪ್ಪು ಒಂದು ಹೆಜ್ಜೆ ಮುಂದಿರಬೇಕು. ಅಕ್ಕಿಯೇ ಹೋದ ಮೇಲೆ ಈ ಲೆಕ್ಕವೂ ಬದಲಾಗಬೇಡವೇ? ನೀರು ಇಳಿಯಬೇಕು, ಮೆಣಸು ಇಳಿಯಬೇಕು, ಮಸಾಲೆ ಮಾಂಸಕ್ಕೆ ಅಂಟಿಕೊಳ್ಳಬೇಕು. ಹಿಟ್ಟು ಹಾಕದೆ ಅದನ್ನು ಅಂಟಿಸುವ ಕೆಲಸವನ್ನು ನಾನು ತೆಂಗಿನ ಕೆನೆಗೆ ವಹಿಸುತ್ತೇನೆ.

ಅಂಕಿ ಬೇಕೆನ್ನುವವರಿಗೆ: ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬ್. ಅಷ್ಟೇ ತೂಕದ ತೆಂಗಿನ ಕೆನೆಯಲ್ಲಿ ಏಳಕ್ಕೂ ಕಡಿಮೆ. ಕೋಳಿ ಮಾಂಸದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಈ ಪಥ್ಯ ಇಂದು ನಿನ್ನೆಯದಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ತೆಳ್ಳಗಾದ ಕಥೆಯನ್ನು 1863ರಲ್ಲೇ ಅಚ್ಚು ಹಾಕಿಸಿದ್ದ. ಪಾಪ, ಅವನಿಗೆ ತೆಂಗಿನಕಾಯಿ ಇರಲಿಲ್ಲ.

ಒಂದು ಕಿಲೋ ಕೋಳಿಗೆ ಚೆನ್ನಾಗಿ ಬಲಿತ ಎರಡು ಕಾಯಿ ಬೇಕು. ತುರಿಗೆ ಸ್ವಲ್ಪವೇ ಬಿಸಿನೀರು ಹಾಕಿ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ, ಆ ಮೊದಲ ಹಾಲನ್ನು ಗಾಜಿನ ಜಾಡಿಯಲ್ಲಿ ಫ್ರಿಜ್ಜಿಗಿಡಿ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವಂಥದ್ದು. ಎರಡು ಮೂರು ಗಂಟೆಯಲ್ಲಿ ಮೇಲೆ ದಪ್ಪ ಕೆನೆ, ಕೆಳಗೆ ಮಸುಕು ಬಿಳಿಯ ನೀರು ಎಂದು ಹಾಲು ಬೇರೆಬೇರೆಯಾಗುತ್ತದೆ. ಕೆನೆಯನ್ನು ಚಮಚದಲ್ಲಿ ಎತ್ತಿಕೊಳ್ಳಿ, ನೀರನ್ನು ಚೆಲ್ಲಬೇಡಿ.

ಈಗ ಕೆನೆಯ ಅರ್ಧ ಭಾಗವನ್ನು ದಪ್ಪ ತಳದ ಬಾಣಲೆಗೆ ಹಾಕಿ ನಡು ಉರಿಯಲ್ಲಿ ಕಾಯಿಸಿ. ಎಣ್ಣೆ ಬೇಡ. ಮೊದಲು ಕೊತಕೊತ ಕುದಿಯುತ್ತದೆ; ನೀರು ಆರುತ್ತಾ ಬಂದಂತೆ ಸದ್ದು ಸಣ್ಣಗಾಗಿ ಚಟಪಟಕ್ಕೆ ತಿರುಗುತ್ತದೆ. ಅಂಚಿನಲ್ಲಿ ತಿಳಿ ಎಣ್ಣೆ ಬಿಟ್ಟುಕೊಳ್ಳುತ್ತದೆ, ನಡುವೆ ಬಿಳಿಯ ಸಣ್ಣ ಕರಣೆಗಳು ಹೊಂಬಣ್ಣಕ್ಕೆ ಬರುತ್ತವೆ. ಹಾಲು ಒಡೆಯಿತಲ್ಲ ಎಂದು ನಮ್ಮ ಅಮ್ಮಂದಿರು ಗಾಬರಿಯಾಗುವ ಹೊತ್ತು ಇದು. ಥಾಯ್ಲೆಂಡಿನ ಅಡುಗೆಯವರು ಬೇಕೆಂದೇ ಹೀಗೆ ಒಡೆಸಿ ಮಸಾಲೆ ಹುರಿಯುತ್ತಾರೆ. ಕೊಬ್ಬಿನ ಕಣಗಳನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಹಾಲಿನ ಪ್ರೋಟೀನು. ಸುಮಾರು 80 ಡಿಗ್ರಿ ದಾಟಿದರೆ ಅದು ಗಡ್ಡೆಕಟ್ಟಿ ಹಿಡಿತ ಬಿಡುತ್ತದೆ, ಅಷ್ಟೇ.

ಆ ಎಣ್ಣೆಗೆ ಸಣ್ಣ ಈರುಳ್ಳಿ ಒಂದು, ಆಮೇಲೆ ಮಸಾಲೆ: ಹುರಿದು ಅರೆದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತ್ಯ, ಬೆಳ್ಳುಳ್ಳಿ. ನಿಮ್ಮ ಮನೆಯಲ್ಲಿ ಎಂದಿನಂತೆ ಹದಿನೈದು ಮೆಣಸು ಬೀಳುತ್ತಿದ್ದರೆ ಎಂಟು ಹಾಕಿ. ಬ್ಯಾಡಗಿಯಲ್ಲಿ ಖಾರಕ್ಕಿಂತ ಬಣ್ಣ ಹೆಚ್ಚು, ಕೆಂಪಿಗೇನೂ ಕೊರತೆಯಾಗದು. ಹುಣಸೆಯನ್ನು ಅರ್ಧಕ್ಕಿಳಿಸಿ, ಹುಳಿ ಹೆಚ್ಚಾದರೆ ಕೊನೆಯ ಕೆನೆಯೂ ಒಡೆಯುತ್ತದೆ. ಉಪ್ಪು ಮುಕ್ಕಾಲು ಸಾಕು. ಎಲುಬಿರುವ ತೊಡೆಯ ತುಂಡು ಹಾಕಿ ಮುಚ್ಚಿಡಿ. ಬ್ರಾಯ್ಲರ್ ತಾನೇ ನೀರು ಬಿಡುತ್ತದೆ, ಮೇಲೆ ಹಾಕುವುದು ಬೇಡ. ಊರ ಕೋಳಿಯಾದರೆ ಆಗ ಎತ್ತಿಟ್ಟ ತೆಂಗಿನ ನೀರುಹಾಲು ಕೆಲಸಕ್ಕೆ ಬರುತ್ತದೆ.

ಬೆಂದ ಮೇಲೆ ಮುಚ್ಚಳ ತೆಗೆದು ಬತ್ತಿಸಿ. ಸೌಟು ಎಳೆದರೆ ತಳ ಕಾಣಬೇಕು. ಉರಿ ಸಣ್ಣದು ಮಾಡಿ ಉಳಿದ ಕೆನೆ ಸೇರಿಸಿ, ಆವಿ ಏಳುತ್ತಿದ್ದಂತೆ ಒಲೆ ಆರಿಸಿಬಿಡಿ. ಈ ಎರಡನೇ ಪಾಲು ಮಾತ್ರ ಕುದಿಯಬಾರದು. ಹುರಿದ ಕೆನೆಯ ಘಮವೂ ಹಸಿ ಕೆನೆಯ ಸಿಹಿಯೂ ಒಂದೇ ತುತ್ತಿಗೆ ಸಿಗುವುದು ಈ ಇಬ್ಭಾಗದಿಂದ. ಮೇಲೆ ತುಪ್ಪದಲ್ಲಿ ಬೆಳ್ಳುಳ್ಳಿ ಒಗ್ಗರಣೆ.

ಅಂಗಡಿಯಿಂದ ತರುವವರು ಲೇಬಲ್ ಓದಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ತೆಂಗಿನ ಕೆನೆಯಲ್ಲಿ ಕೊಬ್ಬು ಕನಿಷ್ಠ ಶೇಕಡಾ 20 ಇರಬೇಕು. ಹಾಲಿಗೆ 10 ಸಾಕು. ಗೋರಿಕಾಯಿ ಗಮ್ಮಿನಂಥದ್ದು ಬೆರೆಸಿದ ಡಬ್ಬಿಯ ಕೆನೆ ಎಷ್ಟು ಕಾಯಿಸಿದರೂ ಒಡೆಯಲು ಒಪ್ಪುವುದಿಲ್ಲ, ಆಗ ಮಸಾಲೆಯನ್ನು ಕೊಬ್ಬರಿ ಎಣ್ಣೆಯಲ್ಲೇ ಹುರಿಯಿರಿ. ತೆಂಗಿನ ಹಾಲಿನ ಪುಡಿಯನ್ನಂತೂ ನಾನು ಮುಟ್ಟುವುದಿಲ್ಲ. ಬಹಳಷ್ಟು ಪುಡಿಗಳಲ್ಲಿ ಮಾಲ್ಟೋಡೆಕ್ಸ್ಟ್ರಿನ್ ಇರುತ್ತದೆ, ಅದು ಪಿಷ್ಟದಿಂದಲೇ ಬಂದದ್ದು. ಅನ್ನವನ್ನು ಮುಂಬಾಗಿಲಿಂದ ಕಳಿಸಿ ಹಿತ್ತಿಲಿಂದ ಕರೆದಂತಾಗುತ್ತದೆ.

ಜೊತೆಗೆ ತೊಂಡೆಕಾಯಿ ಪಲ್ಯ ಇರಲಿ, ಇಲ್ಲವೇ ಹುರಿದ ಬೆಂಡೆ. ಹೂಕೋಸನ್ನು ತುರಿದು ಅನ್ನವೆಂದು ನಂಬಿಸುವ ಆಟ ನನಗೆ ಹಿಡಿಸದು. ಹೂಕೋಸಿಗೂ ಮರ್ಯಾದೆಯಿಲ್ಲ, ಅನ್ನಕ್ಕೂ ಇಲ್ಲ. ಕಾರ್ಬ್ ಕಡಿಮೆಯೆಂದು ಬಟ್ಟಲುಗಟ್ಟಲೆ ಹೊಡೆಯುವಂತಿಲ್ಲ, ನೂರು ಗ್ರಾಂ ಕೆನೆಯಲ್ಲಿ 330 ಕ್ಯಾಲೊರಿ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಡುವುದೂ ಬೇಡ.

ಉಳಿದದ್ದು ಮರುದಿನ ಫ್ರಿಜ್ಜಿನಿಂದ ಹೊರಬರುವಾಗ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ಅದು ಕೆನೆಯೇ. ಎರಡು ಚಮಚ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಎಣ್ಣೆ ಮೇಲೆ ತೇಲಿದರೂ ಪರವಾಗಿಲ್ಲ. ಮಸಾಲೆ ಎಲುಬಿನ ತನಕ ಇಳಿದಿರುವುದರಿಂದ ನಾನಂತೂ ಭಾನುವಾರಕ್ಕೆ ಬೇಕಾದ ಕೋಳಿಯನ್ನು ಶನಿವಾರ ರಾತ್ರಿಯೇ ಮಾಡಿಡುತ್ತೇನೆ.