ನೆಗೆತದ ಸೊಗಸು

ಕಾವ್ಯವಾಗಲಿ ನಾಟಕವಾಗಲಿ ಚಲಚ್ಚಿತ್ರವಾಗಲಿ, ಒಂದು ಕೃತಿಯು ರಂಜಿಸಿತೆಂದರೆ ಅದರ ಕಾರಣವನ್ನು ವಸ್ತು, ಪಾತ್ರ, ಸನ್ನಿವೇಶ, ಶೈಲಿ ಇವುಗಳಲ್ಲಿ ಹುಡುಕುವುದು ವಿಮರ್ಶಕರ ವಾಡಿಕೆ. ಇದೇ ವಾಡಿಕೆಯನ್ನು ಹಿಡಿದು ವಿಡಿಯೋ ಗೇಮುಗಳ ಬಳಿಗೆ ಹೋದವರಿಗೆ ಬಹುಮಟ್ಟಿಗೆ ನಿರಾಶೆಯಾಗುವುದು. ಅದರಲ್ಲಿಯೂ ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ, ಹಳ್ಳಗಳನ್ನು ದಾಟುತ್ತ, ಎದುರಾದ ಪ್ರಾಣಿಗಳನ್ನು ಮೆಟ್ಟುತ್ತ ಮುಂದುವರಿಯುವ ‘ಪ್ಲಾಟ್‌ಫಾರ್ಮ್’ ಜಾತಿಯ ಆಟಗಳಲ್ಲಿ ಕಥೆಯೆಂಬುದು ಒಂದು ವಾಕ್ಯದಲ್ಲಿ ಮುಗಿದುಹೋಗುವಷ್ಟು ಅಲ್ಪ. ಆದಕಾರಣ ಪಂಡಿತರು ಇವನ್ನು ಬಾಲಕರ ಕಾಲಹರಣವೆಂದು ತಳ್ಳಿಬಿಡುವರು. ಮೆಚ್ಚುವವರೋ ‘ಮಜವಾಗಿದೆ’ ಎಂಬ ಒಂದೇ ಮಾತಿನಲ್ಲಿ ತಮ್ಮ ಮೆಚ್ಚಿಕೆಯನ್ನು ತೀರಿಸಿಬಿಡುವರು. ಇವರಿಬ್ಬರೂ ವಿಮರ್ಶೆಯ ಕೆಲಸವನ್ನು ಮಾಡಿದವರಲ್ಲ. ಮಜವಾಗುವುದೇಕೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹನಾಫುಡ ಎಂಬ ಹೂವಿನ ಚಿತ್ರಗಳ ಆಟದೆಲೆಗಳನ್ನು ತಯಾರಿಸುವುದಕ್ಕಾಗಿ ಹುಟ್ಟಿದ ನಿಂಟೆಂಡೋ ಸಂಸ್ಥೆಯು, ಟೆಲಿವಿಷನ್ನಿಗೆ ಜೋಡಿಸಿ ಆಡುವ ತನ್ನ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರಕ್ಕಾಗಿ 1985ನೆಯ ಇಸವಿ ಸೆಪ್ಟೆಂಬರ್ 13ರಂದು ಇದನ್ನು ಪ್ರಕಟಿಸಿತು. ಇದರ ಕರ್ತೃಗಳಲ್ಲಿ ಪ್ರಧಾನರು ಶಿಗೆರು ಮಿಯಾಮೊಟೊ ಅವರು. ಅವರ ಜೊತೆಗಾರರು ತಕಾಶಿ ತೆಜುಕ ಅವರು. ಒಟ್ಟು ಎಂಟು ಲೋಕಗಳು, ಲೋಕವೊಂದಕ್ಕೆ ನಾಲ್ಕು ಘಟ್ಟಗಳು, ಅಂತೂ 32 ಘಟ್ಟಗಳು. ಇವೆಲ್ಲವೂ ಚಿತ್ರ ಸಂಗೀತ ಸಮೇತವಾಗಿ ಅಡಗಿರುವುದು 40 ಕಿಲೋಬೈಟುಗಳಲ್ಲಿ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೇ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಹೀಗಿದ್ದೂ ಇದರ ಪ್ರತಿಗಳು ನಾಲ್ಕು ಕೋಟಿಗೂ ಮೇಲಾಗಿ ಮಾರಾಟವಾದವು. ಕಥೆಯಾದರೋ ಇಷ್ಟೇ: ಬೌಸರ್ ಎಂಬ ಆಮೆಯರಸನು ರಾಜಕುಮಾರಿಯನ್ನು ಸೆರೆಯಲ್ಲಿಟ್ಟಿದ್ದಾನೆ, ಮೀಸೆಯ ಮಾರಿಯೋ ಆಕೆಯನ್ನು ಬಿಡಿಸಿತರಬೇಕು. ರಾಮಾಯಣವನ್ನು ಬಲ್ಲ ನಾಡಿನವರಿಗೆ ಈ ವಸ್ತುವಿನಲ್ಲಿ ಹೊಸತೇನಿದೆ?

ಹೊಸತು ಇರುವುದು ನೆಗೆತದಲ್ಲಿ. ಮಿಯಾಮೊಟೊ ಅವರೇ 1981ರಲ್ಲಿ ರಚಿಸಿದ ‘ಡಾಂಕಿ ಕಾಂಗ್’ ಎಂಬ ಆಟದಲ್ಲಿಯೂ ಇದೇ ನಾಯಕನಿದ್ದನು. ಆಗ ಅವನಿಗೆ ಜಂಪ್‌ಮ್ಯಾನ್, ಎಂದರೆ ನೆಗೆಯುವವನು, ಎಂಬ ಹೆಸರೇ ಇದ್ದರೂ ಅವನ ನೆಗೆತವು ಬಡವಾದದ್ದು. ಗುಂಡಿಯನ್ನೊತ್ತಿದರೆ ಅಳೆದಿಟ್ಟಂತೆ ಒಂದೇ ಎತ್ತರಕ್ಕೆ ಏರಿ ಇಳಿಯುವನು. ಕಾಲು ನೆಲವನ್ನು ಬಿಟ್ಟ ಮೇಲೆ ದಿಕ್ಕನ್ನು ತಿದ್ದುವಂತಿಲ್ಲ. ತನ್ನ ಎತ್ತರಕ್ಕಿಂತ ತುಸು ಹೆಚ್ಚಿನ ಆಳಕ್ಕೆ ಬಿದ್ದರೆ ಪ್ರಾಣವೇ ಹೋಗುವುದು. ಅದು ಬಿಲ್ಲಿನಿಂದ ಬಿಟ್ಟ ಬಾಣ. ನಾಲ್ಕು ವರ್ಷಗಳ ತರುವಾಯ ಬಂದ ಈ ಆಟದಲ್ಲಿ ಬಾಣವು ಹೋಗಿ ಕುದುರೆ ಬಂದಿತು; ಲಗಾಮು ಕೊನೆಯವರೆಗೂ ಆಡುವವನ ಕೈಯಲ್ಲಿಯೇ ಉಳಿಯಿತು. ಗುಂಡಿಯನ್ನು ತಟ್ಟಿ ಬಿಟ್ಟರೆ ಕಿರುನೆಗೆತ, ಒತ್ತಿ ಹಿಡಿದರೆ ಹಿರಿನೆಗೆತ, ಓಡುತ್ತ ಬಂದು ನೆಗೆದರೆ ಇನ್ನಷ್ಟು ದೂರ. ಮೇಲೆದ್ದ ಮೇಲೂ ಎಡಕ್ಕೊತ್ತಿದರೆ ಮೈಯನ್ನು ಎಡಕ್ಕೆ ಎಳೆದುಕೊಳ್ಳಬಹುದು. ಯಾವ ಮನುಷ್ಯನೂ ಗಾಳಿಯಲ್ಲಿ ಹೀಗೆ ಹಿಂದಿರುಗಲಾರನು, ನಿಜ. ಆದರೆ ಭರತಮುನಿಯ ಪರಿಭಾಷೆಯಲ್ಲಿ ಇದು ಲೋಕಧರ್ಮಿಯಲ್ಲ, ನಾಟ್ಯಧರ್ಮಿ. ಲೋಕದಲ್ಲಿಲ್ಲದಿದ್ದರೂ ರಂಗದಲ್ಲಿ ಸಲ್ಲುವಂಥದು.

ಅಷ್ಟಾದರೂ ಮಾರಿಯೋ ಗಾಳಿಪಟದಂತೆ ಭಾರವಿಲ್ಲದವನಲ್ಲ. ನಿಂತಲ್ಲಿಂದ ಹೊರಟರೆ ವೇಗವು ಮೆಲ್ಲನೆ ಕೂಡುವುದು. ಓಟದಲ್ಲಿ ಥಟ್ಟನೆ ತಿರುಗಿಸಿದರೆ ಕಾಲು ತುಸು ಜಾರುವುದು. ಈ ಜಾರುವಿಕೆಯಿಂದಲೇ ಅವನಿಗೊಂದು ಮೈಯುಂಟೆಂಬ ನಂಬಿಕೆ ಕೈಬೆರಳಿಗೆ ಬರುತ್ತದೆ. ತೆರೆಯ ಮೇಲಿನ ಚಿತ್ರವು ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುವುದರಿಂದ, ಬೆರಳಿನ ಸಂಕಲ್ಪಕ್ಕೂ ಕಣ್ಣಿಗೆ ಕಾಣುವ ಫಲಕ್ಕೂ ನಡುವೆ ಬಿಡುವೇ ತೋರದು. ಹಳ್ಳದ ಅಂಚಿನಲ್ಲಿ ನೆಗೆದವನಿಗೆ ಒಂದು ಕ್ಷಣದೊಳಗೆ ನಿಶ್ಚಯ, ಸಂದೇಹ, ತಿದ್ದುಪಡಿ, ಪರಿಣಾಮ ಈ ನಾಲ್ಕೂ ಸಂಭವಿಸಿಬಿಡುತ್ತವೆ. ಉಸಿರು ಬಿಡುವಷ್ಟರಲ್ಲಿ ಮುಂದಿನ ಹಳ್ಳವು ಎದುರಾಗುತ್ತದೆ. ಆಟದ ಸುಖವೆಂಬುದು ಮುಖ್ಯವಾಗಿ ಈ ಕ್ಷಣದ ಆವೃತ್ತಿಯೇ ಹೊರತು ಬೇರೆಯಲ್ಲ. ಅದೇ 1985ರಲ್ಲಿ ಬಂದ ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’ ಎಂಬ ಆಟದಲ್ಲಿ ನೆಗೆದವನು ನೆಗೆದಂತೆಯೇ ಬೀಳಬೇಕು. ಅದಕ್ಕೂ ಅದರದೇ ಆದ ರುಚಿಯುಂಟು. ಅದು ಮುಂದಾಲೋಚನೆಯ ರುಚಿ, ಚದುರಂಗದವರಿಗೆ ಹಿಡಿಸುವಂಥದು. ಆದರೆ ತಪ್ಪಿದ ಹೆಜ್ಜೆಯನ್ನು ಗಾಳಿಯಲ್ಲಿಯೇ ತಿದ್ದಿಕೊಂಡು ಇಟ್ಟಿಗೆಯ ಅಂಚಿನಲ್ಲಿ ಉಳಿದುಕೊಂಡವನ ಹಿಗ್ಗು ಅದರಲ್ಲಿ ಇಲ್ಲ.

ಈ ಹಿಗ್ಗಿಗೆ ಏನೆಂದು ಹೆಸರಿಡಬೇಕು? ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ ಕಣ್ಣಿಗೂ ಕಿವಿಗೂ ಒದಗುವ ಒಂದು ಕ್ರೀಡನೀಯಕವನ್ನು, ಎಂದರೆ ಆಟಿಕೆಯನ್ನು, ಬೇಡಿದರೆಂದೂ ನಾಟ್ಯವು ಹಾಗೆ ಹುಟ್ಟಿತೆಂದೂ ನಾಟ್ಯಶಾಸ್ತ್ರದ ಮೊದಲ ಅಧ್ಯಾಯವು ಹೇಳುತ್ತದೆ. ಈ ಒಂದು ಪದದ ಬಲದಿಂದ ವಿಡಿಯೋ ಗೇಮಿಗೂ ರಸಸಿದ್ಧಾಂತವನ್ನು ಇಡಿಯಾಗಿ ಅನ್ವಯಿಸಲು ಹೊರಡುವುದು ಸುಲಭ. ಆದರೆ ಅದು ಸರಿಯಾಗದು. ರಂಗದ ಮುಂದೆ ಕುಳಿತ ಸಹೃದಯನ ಉತ್ಸಾಹವೂ ಭಯವೂ ಸಾಧಾರಣೀಕರಣದಿಂದ ಸ್ವಪರಭೇದವನ್ನು ಕಳೆದುಕೊಂಡಿರುತ್ತವೆ. ಇಲ್ಲಿಯಾದರೋ ಆಡುವವನೇ ನಾಯಕನು, ನೋಡುವವನೂ ಅವನೇ. ಹಳ್ಳದ ಮುಂದಿನ ಅಂಜಿಕೆಯು ಅವನ ಸ್ವಂತದ್ದು. ಆದುದರಿಂದ ಇದನ್ನು ವೀರವೆಂದಾಗಲಿ ಅದ್ಭುತವೆಂದಾಗಲಿ ಕರೆದರೆ ಗೌರವ ಹೆಚ್ಚೀತೇ ಹೊರತು ತಿಳಿವು ಹೆಚ್ಚದು. ಹೊಳೆಯಲ್ಲಿ ಈಜುವವನಿಗೆ, ಮೃದಂಗದ ಮೇಲೆ ಬೆರಳಾಡಿಸುವವನಿಗೆ ತನ್ನ ಅಂಗವು ತನ್ನ ಮಾತನ್ನು ಕೇಳುವುದರಿಂದ ಉಂಟಾಗುವ ಆನಂದವೊಂದಿದೆಯಷ್ಟೆ. ಇದು ಆ ಜಾತಿಗೆ ಸೇರಿದ್ದು. ಅದನ್ನು ರಸಕ್ಕಿಂತ ಕೀಳೆನ್ನಬೇಕಾಗಿಯೂ ಇಲ್ಲ.

ಅಂಗವು ಮಾತು ಕೇಳಬೇಕಾದರೆ ಶಿಕ್ಷಣವು ನಡೆಯಬೇಕು. ಉಪಾಧ್ಯಾಯ ವೃತ್ತಿಯವರು ಇದರ ಮೊದಲನೆಯ ಘಟ್ಟವನ್ನೊಮ್ಮೆ ಗಮನಿಸಿ ನೋಡಬೇಕು. ಅಲ್ಲಿ ಬೋಧನೆಯ ಒಂದು ಅಕ್ಷರವೂ ಇಲ್ಲ. ಮಾರಿಯೋ ತೆರೆಯ ಎಡಗಡೆಯಲ್ಲಿ ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಬಲಗಡೆಯೆಲ್ಲ ಬಯಲು. ಎತ್ತ ಹೋಗಬೇಕೆಂಬುದಕ್ಕೆ ಅಷ್ಟೇ ಸಾಕು. ಸ್ವಲ್ಪ ನಡೆಯುವಷ್ಟರಲ್ಲಿ ಸಿಡುಕು ಮೋರೆಯ ಗೂಂಬ ಎಂಬ ಕುಳ್ಳ ಪ್ರಾಣಿಯು ಎದುರಿಗೆ ಬರುತ್ತದೆ. ಅದು ಮುಟ್ಟಿದರೆ ಸಾವು. ಆದರೆ ಸತ್ತವನು ಪುನಃ ಹೊರಡಬೇಕಾದ ಸ್ಥಳವು ನಾಲ್ಕು ಹೆಜ್ಜೆ ಹಿಂದೆ ಇದೆ, ಅಷ್ಟೆ. ಮುಂದೆ ಪ್ರಶ್ನಚಿಹ್ನೆಯುಳ್ಳ ಪೆಟ್ಟಿಗೆಗಳು. ಒಂದನ್ನು ತಲೆಯಿಂದ ಗುದ್ದಿದರೆ ನಾಣ್ಯ ಬರುವುದು. ಇನ್ನೊಂದನ್ನು ಗುದ್ದಿದರೆ ಅಣಬೆಯೊಂದು ಹೊರಟು ಬಲಕ್ಕೆ ಜಾರಿ ಕೆಳಗೆ ಬಿದ್ದು, ಅಲ್ಲಿರುವ ಕೊಳವೆಗೆ ಬಡಿದು, ಆಡುವವನ ಕಡೆಗೇ ಮರಳಿ ಬರುವುದು. ಗೂಂಬನ ಅನುಭವದಿಂದ ಬೆದರಿದವನು ಇದರಿಂದಲೂ ತಪ್ಪಿಸಿಕೊಳ್ಳಲು ನೆಗೆದನೆನ್ನಿ. ಮೇಲಿರುವ ಇಟ್ಟಿಗೆಗಳು ತಲೆಗೆ ತಾಗಿ, ಅವನು ಅಣಬೆಯ ಮೇಲೆಯೇ ಬೀಳುವನು. ಬಿದ್ದರೆ ಮೈ ಎರಡರಷ್ಟು ಬೆಳೆಯುತ್ತದೆ! ಎದುರಾದುದೆಲ್ಲವೂ ಶತ್ರುವಲ್ಲವೆಂಬ ಪಾಠವು ಹೀಗೆ ತಪ್ಪಿಸಿಕೊಳ್ಳಲಾಗದಂತೆ ಒದಗಿಬರುತ್ತದೆ. ಬಳಿಕ ಬರುವ ಕೊಳವೆಗಳ ಎತ್ತರವಾದರೋ ಎರಡು ಇಟ್ಟಿಗೆ, ಮೂರು ಇಟ್ಟಿಗೆ, ನಾಲ್ಕು ಇಟ್ಟಿಗೆ. ಗುಂಡಿಯನ್ನು ಇನ್ನಷ್ಟು ಒತ್ತಿ ಹಿಡಿಯಬೇಕೆಂಬುದನ್ನು ಕೊಳವೆಯೇ ಹೇಳಿಕೊಡುತ್ತದೆ. ಘಟ್ಟದ ಕೊನೆಗೆ ಎದುರುಬದುರಾಗಿ ಎರಡು ಮೆಟ್ಟಿಲ ಸಾಲುಗಳುಂಟು, ನಡುವೆ ಗಟ್ಟಿ ನೆಲ. ತುಸು ಮುಂದೆ ಅಂಥವೇ ಇನ್ನೆರಡು, ನಡುವೆ ಹಳ್ಳ. ಮೊದಲು ಅಪಾಯವಿಲ್ಲದೆ ಮಾಡಿದ ಕೆಲಸವನ್ನೇ ಅಪಾಯದ ಮೇಲೆ ಮಾಡಿಸುವ ಈ ಕ್ರಮವನ್ನು ಎಷ್ಟು ಪಠ್ಯಪುಸ್ತಕಗಳು ಅನುಸರಿಸುತ್ತಿವೆ?

ಶಿಕ್ಷಣ ಹೀಗಿರುವುದರಿಂದಲೇ ಇಲ್ಲಿಯ ಸೋಲು ಅಸಹ್ಯವಾಗುವುದಿಲ್ಲ. ಸತ್ತ ಮಾರಿಯೋ ಒಮ್ಮೆ ಮೇಲಕ್ಕೆ ಪುಟಿದು ತೆರೆಯಿಂದ ಕೆಳಕ್ಕೆ ಬೀಳುವನು, ಚಿಕ್ಕದೊಂದು ರಾಗ ಕೇಳುವುದು, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಆಟ. ದುಃಖಕ್ಕೆ ಎಡೆಯಿಲ್ಲ, ಉಪದೇಶಕ್ಕೂ ಇಲ್ಲ. ಮೇಲಾಗಿ ತಪ್ಪು ಯಾರದೆಂಬ ವಿಷಯದಲ್ಲಿ ಸಂದೇಹವಿರುವುದಿಲ್ಲ: ಬೇಗ ನೆಗೆದದ್ದು, ತಡವಾಗಿ ನೆಗೆದದ್ದು, ಇಲ್ಲವೇ ಆಸೆಪಟ್ಟು ನಾಣ್ಯದ ಹಿಂದೆ ಹೋದದ್ದು. ಆಮೆಯನ್ನು ಮೆಟ್ಟಿ ಅದರ ಚಿಪ್ಪನ್ನು ಒದ್ದರೆ ಅದು ಸಾಲಾಗಿ ಶತ್ರುಗಳನ್ನು ಉರುಳಿಸುತ್ತ ಹೋಗುವುದು. ಅದೇ ಚಿಪ್ಪು ಎದುರಿನ ಕೊಳವೆಗೆ ತಾಗಿ ಮರಳಿ ಬಂದು ಒದ್ದವನನ್ನೇ ಕೆಡಹುವುದೂ ಉಂಟು. ಕೆಡಹಿಸಿಕೊಂಡವನು ಸಾಮಾನ್ಯವಾಗಿ ನಗುತ್ತಾನೆ.

ರಚನೆಯ ಮಿತವ್ಯಯವೂ ಗಮನಾರ್ಹ. ಕ್ಷೇಮೇಂದ್ರನು ಔಚಿತ್ಯವೆಂದು ಯಾವುದನ್ನು ಕರೆದನೋ ಅದು ಇಲ್ಲಿ ಬಡತನದಿಂದ ಹುಟ್ಟಿದೆ. ಹಿಂದಿನ ಆಟದಲ್ಲಿ ಚುಕ್ಕೆಗಳು ಸಾಲದೆ ಕೂದಲನ್ನು ಬಿಡಿಸಲಾಗಲಿಲ್ಲವಾದ್ದರಿಂದ ನಾಯಕನ ತಲೆಗೆ ಟೋಪಿ ಬಂದಿತು, ಬಾಯಿಯನ್ನು ತೋರಿಸುವ ಕಷ್ಟ ತಪ್ಪಲೆಂದು ಮೀಸೆ ಬಂದಿತು. ಈ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ನೋಡುವವರಿಗೆ ಬಹುಕಾಲ ಇದು ತಿಳಿಯುವುದೇ ಇಲ್ಲ. ಕೋಜಿ ಕೊಂಡೊ ಅವರ ಸಂಗೀತವೂ ಹಾಗೆಯೇ. ಕೆಲವೇ ಧ್ವನಿಗಳ ಆ ಚಿಕ್ಕ ಗತಿಯು ಓಟದ ಹೆಜ್ಜೆಗೆ ಹೊಂದಿಕೊಂಡು ನಡೆಯುತ್ತದೆ. ಕಾಲದ ಎಣಿಕೆಯು 100ಕ್ಕಿಂತ ಕೆಳಗಿಳಿದೊಡನೆ ಅದೇ ಗತಿ ದುರಿತಕಾಲಕ್ಕೆ ಏರಿ ಆಡುವವನ ಎದೆಬಡಿತವನ್ನೂ ಏರಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಕಾಪಾಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ 2023ರಲ್ಲಿ ಈ ಸಂಗೀತವನ್ನು ಸೇರಿಸಿತು. ವಿಡಿಯೋ ಗೇಮಿನ ಸಂಗೀತವೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳತಕ್ಕದ್ದೇ. ಎರಡನೆಯ ಲೋಕದ ನೀರಿನ ಘಟ್ಟವೇ ಏಳನೆಯ ಲೋಕದಲ್ಲಿ ಮತ್ತೆ ಬರುತ್ತದೆ. ಒಂದನೆಯ ಲೋಕದ ಮೂರನೆಯ ಘಟ್ಟವು ಐದನೆಯದರಲ್ಲಿ ಸ್ವಲ್ಪ ಬಿಗಿಯಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಪುನರುಕ್ತಿಯೆಂದು ಬೈಯಬೇಕಾಗಿಲ್ಲ, ಸ್ಥಳಾಭಾವವೆಂದು ಮನ್ನಿಸಬಹುದು. ಮನ್ನಿಸಲಾಗದ ದೋಷ ಬೇರೆಯಿದೆ. ನಾಲ್ಕನೆಯ ಮತ್ತು ಏಳನೆಯ ಲೋಕಗಳ ಕೋಟೆಗಳಲ್ಲಿ ಗೊತ್ತಾದ ದಾರಿಯನ್ನು ಹಿಡಿಯದಿದ್ದರೆ ಅದೇ ಓಣಿಯು ಮತ್ತೆ ಮತ್ತೆ ಎದುರಾಗುತ್ತಲೇ ಇರುವುದು. ಯಾವ ದಾರಿ ಸರಿ, ಯಾವುದು ತಪ್ಪು ಎಂಬುದಕ್ಕೆ ಕುರುಹಿಲ್ಲ. ಅಲ್ಲಿ ಸೋತವನಿಗೆ ತನ್ನ ತಪ್ಪೇನೆಂಬುದು ತಿಳಿಯುವುದಿಲ್ಲ. ಮೊದಲ ಘಟ್ಟದಲ್ಲಿ ಅಷ್ಟು ನ್ಯಾಯವಾಗಿ ನಡೆದುಕೊಂಡ ಗುರುವು ಇಲ್ಲಿ ಪ್ರಶ್ನೆಯನ್ನೇ ಹೇಳದೆ ಉತ್ತರವನ್ನು ಕೇಳುತ್ತಾನೆ. ಇದರಂತೆಯೇ, ಜೀವಗಳೆಲ್ಲ ತೀರಿದವನು ಒಂದು ಗುಂಡಿಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತಿದರೆ ತಾನು ಬಿದ್ದ ಲೋಕದಿಂದಲೇ ಹೊರಡಬಹುದೆಂಬ ಸೌಕರ್ಯವುಂಟು, ಆದರೆ ಆಟವು ಅದನ್ನು ತೆರೆಯ ಮೇಲೆ ಎಲ್ಲಿಯೂ ತಿಳಿಸುವುದಿಲ್ಲ. ಅಡಗಿಸಿಟ್ಟ ನಿಧಿ ಬೇರೆ, ಅಡಗಿಸಿಟ್ಟ ನ್ಯಾಯ ಬೇರೆ.

ಇಂಥ ಆಟಗಳಿಂದ ಮಕ್ಕಳ ವೇಳೆ ಹಾಳಾಗುವುದೆಂಬ ಆಕ್ಷೇಪವನ್ನು ಹಗುರವಾಗಿ ಎಣಿಸುವಂತಿಲ್ಲ. ಆದರೆ ಆಕ್ಷೇಪಿಸುವವರು ಎಲ್ಲ ಆಟಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಉಚಿತವಲ್ಲ. ಇಂದು ಮೊಬೈಲುಗಳಲ್ಲಿ ಹರಡಿರುವ ಆಟಗಳಲ್ಲಿ ಅನೇಕವು ದಿನದಿನದ ಬಹುಮಾನವನ್ನು ತೋರಿಸಿ, ಹಣ ತೆತ್ತು ಪೆಟ್ಟಿಗೆಗಳನ್ನು ತೆರೆಯಿಸಿ, ಕೊನೆಯೆಂಬುದೇ ಇಲ್ಲದಂತೆ ಮನುಷ್ಯನನ್ನು ಹಿಡಿದಿಡುತ್ತವೆ; ಅಲ್ಲಿ ಬೆರಳಿಗೆ ಕೆಲಸವಿಲ್ಲ, ಆಸೆಗೆ ಮಾತ್ರ ಕೆಲಸ. ಮಾರಿಯೋವಿನ ನಾಣ್ಯಗಳಿಂದ ಏನನ್ನೂ ಕೊಳ್ಳಲು ಬರುವುದಿಲ್ಲ. ನೂರು ಕೂಡಿದರೆ ಇನ್ನೊಂದು ಜೀವ, ಎಂದರೆ ನೆಗೆಯಲು ಇನ್ನೊಂದು ಅವಕಾಶ. ಮೂವತ್ತೆರಡನೆಯ ಘಟ್ಟವು ಮುಗಿದರೆ ಆಟವೂ ಮುಗಿಯಿತು.

ಕಥೆಗಾಗಿ ಆಡುವವರಾದರೆ ಅಲ್ಲಿಗೆ ನಿಲ್ಲಬೇಕಾಗಿತ್ತು. ಏಳು ಕೋಟೆಗಳಲ್ಲಿ ರಾಜಕುಮಾರಿಯು ಬೇರೊಂದು ಕೋಟೆಯಲ್ಲಿರುವಳೆಂಬ ಉತ್ತರವನ್ನು ಕೇಳಿ, ಎಂಟನೆಯದರಲ್ಲಿ ಆಕೆಯನ್ನು ಕಂಡವನ ಮುಂದೆ ಆಟವು ಇನ್ನೊಂದು ಸುತ್ತನ್ನು ಇಡುತ್ತದೆ. ಘಟ್ಟಗಳು ಅವೇ, ಗೂಂಬಗಳಿದ್ದ ಕಡೆಯಲ್ಲೆಲ್ಲ ಗಟ್ಟಿ ಚಿಪ್ಪಿನ ಜೀರುಂಡೆಗಳು ಬಂದಿರುತ್ತವೆ. ಬಿಡಿಸಬೇಕಾದವಳನ್ನು ಬಿಡಿಸಿಯಾದ ಮೇಲೂ ಜನರು ಈ ಸುತ್ತಿಗೆ ಹೊರಡುತ್ತಾರೆ. ಒಳದಾರಿಗಳ ಕೊಳವೆಗಳನ್ನು ಹಿಡಿದು ಲೋಕಗಳನ್ನೇ ದಾಟಿಬಿಡುತ್ತ, 2021ರ ಹೊತ್ತಿಗೆ ಒಬ್ಬ ಆಟಗಾರನು ಇಡೀ ಆಟವನ್ನು 4 ನಿಮಿಷ 55 ಸೆಕೆಂಡುಗಳೊಳಗೆ ಮುಗಿಸಿದ್ದನು. ಅದಾದ ಬಳಿಕವೂ ಇನ್ನೊಂದು ಸೆಕೆಂಡಿನ ಚೂರನ್ನು ಉಳಿಸಲೆಂದು ಮೊದಲ ಘಟ್ಟದ ಅದೇ ಕೊಳವೆಗಳ ಮೇಲೆ ಬೆರಳುಗಳು ಅಭ್ಯಾಸ ನಡೆಸುತ್ತಲೇ ಇದ್ದವು.