ರಸಿಕ ದುಂಬಿ, ದುಡಿಯುವ ಜೇನು

ಕನ್ನಡ ಕಾವ್ಯದ ದುಂಬಿಗೆ ದುಡಿಮೆಯೇ ಗೊತ್ತಿಲ್ಲ. ಅದು ಝೇಂಕರಿಸುತ್ತದೆ, ಅಲೆಯುತ್ತದೆ, ಮಕರಂದ ಹೀರಿ ಮತ್ತೊಂದು ಹೂವಿಗೆ ಹಾರುತ್ತದೆ. ರೂಢಿಯ ಪ್ರಕಾರ ದುಂಬಿ ಗಂಡು, ಹೂವು ಹೆಣ್ಣು. ದೊಡ್ಡ ಕವಿಗಳು ಈ ರೂಢಿಯನ್ನು ದಾಟಿದ್ದಾರೆ. ಹತ್ತನೆಯ ಶತಮಾನದ ಪಂಪನಿಗೆ ದುಂಬಿಯ ಜನ್ಮವಾದರೂ ಸರಿ, ಬನವಾಸಿಯಲ್ಲಿ ಹುಟ್ಟುವ ಹಂಬಲ. ಅಕ್ಕಮಹಾದೇವಿ ದುಂಬಿಗಳ ಹಿಂಡನ್ನೇ ತಡೆದು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತಾಳೆ. ಬೇಂದ್ರೆಯವರಲ್ಲಿ ಅದು ಕಲ್ಪನೆಗೇ ವಾಹನ. ಮೂರೂ ಅಪರೂಪದ ಕಾಣ್ಕೆಗಳು. ಆದರೂ ದುಂಬಿಯಿಂದ ಹೂವಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಮೂರರಲ್ಲೂ ಏಳುವುದಿಲ್ಲ.

ಆ ಪ್ರಶ್ನೆ ಏಳುವುದು ಬಳ್ಳಾರಿ ಸೀಮೆಯ ಎರೆಹೊಲದಲ್ಲಿ.

ಸಿರುಗುಪ್ಪದ ಭತ್ತಕ್ಕೆ ಜೇನಿನ ಹಂಗಿಲ್ಲ. ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಸೂರ್ಯಕಾಂತಿಯದು ಬೇರೆ ಕಥೆ. ದೂರದಿಂದ ಒಂದೇ ಹೂವೆನಿಸುವ ತೆನೆಯಲ್ಲಿ ನೂರಾರು ಕಿರುಹೂಗಳಿರುತ್ತವೆ. ಅವು ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ, ದಿನಕ್ಕಿಷ್ಟರಂತೆ ಅರಳುತ್ತವೆ. ಪ್ರತಿ ಕಿರುಹೂವಿನಲ್ಲೂ ಮೊದಲು ಪರಾಗ ಹೊರಬೀಳುತ್ತದೆ, ಪರಾಗ ಹಿಡಿಯುವ ಶಲಾಕಾಗ್ರ ತೆರೆದುಕೊಳ್ಳುವುದು ಆಮೇಲೆ. ಪರಾಗವೋ ಅಂಟಂಟು, ಭಾರ. ಗಾಳಿಯನ್ನು ನಂಬಿದರೆ ಆಗದು. ಬೆಳಗಿನ ಹೊತ್ತು ತೆನೆಯ ಮೇಲೆ ಓಡಾಡುವ ಜೇನಿನ ಮೈಗೂದಲೆಲ್ಲ ಹಳದಿ, ಹಿಂಗಾಲಲ್ಲಿ ಪರಾಗದ ಉಂಡೆ. ಜೇನು ಬಾರದ ಹೊಲದಲ್ಲಿ ಜೊಳ್ಳು ಹೆಚ್ಚು. ಹೀಗೆ ಪರಾಗ ಹೊರುವ ಜೇನುಗಳೆಲ್ಲ ಹೆಣ್ಣು. ದುಂಬಿಯ ಜಾತಿ ಬೇರೆ, ನಿಜ. ಆದರೆ ಮರ ಕೊರೆದು ಗೂಡು ಮಾಡುವುದೂ ಮರಿಗೆಂದು ಪರಾಗದ ಬುತ್ತಿ ಕಟ್ಟಿಡುವುದೂ ಅಲ್ಲಿಯೂ ಹೆಣ್ಣೇ. ರಸಿಕ ಗಂಡೆಂದು ಕವಿಗಳು ಹಾಡಿದ ಜೀವ ಇಷ್ಟೊಂದು ದುಡಿಯುವ ತಾಯಿ ಎಂಬುದು ಕಾವ್ಯಕ್ಕೆ ಸಣ್ಣ ಸಂಗತಿಯಾಗಬಾರದಿತ್ತು.

ಕಾವ್ಯ ಬಿಟ್ಟು ಇದೇ ಸೀಮೆಯ ತೊಗಲುಗೊಂಬೆ ಕಲೆಗೆ ಬಂದರೆ, ಅದು ಹೂವನ್ನು ಕಂಡ ರೀತಿ ಇನ್ನಷ್ಟು ಸೂಕ್ಷ್ಮ. ಆಡಿನ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ತುಂಬಿ, ಸಣ್ಣ ಉಳಿಯಿಂದ ರಂಧ್ರ ಹೊಡೆಯುತ್ತಾರೆ. ಸೀತೆಯ ಸೀರೆಯಂಚಿನ ಹೂಗಳೆಲ್ಲ ಈ ರಂಧ್ರಗಳೇ. ಹಿಂದೆ ದೀಪ ಹಚ್ಚಿದಾಗ ತೊಗಲಿಲ್ಲದ ಕಡೆ ಹೂವು ಬೆಳಗುತ್ತದೆ. ಇಂಥ ಸೊಗಸು ಅಲಂಕಾರದಲ್ಲೇ ನಿಂತುಬಿಡಬೇಕಿಲ್ಲ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಇದನ್ನು ತೋರಿಸಿಕೊಟ್ಟವರು. ರಾಮಾಯಣದ ಪರದೆಗೆ ಅವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದಿದ್ದರು. ಹೊಸ ವಸ್ತುವನ್ನು ಈ ಕಲೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಿದ್ದರೆ ಹೂಬಿಟ್ಟ ಸೂರ್ಯಕಾಂತಿ ಹೊಲವೂ ಆ ಪರದೆಗೆ ಬರಲಿ. ಅದಕ್ಕೆ ಕಾರಣವಿದೆ. ಅದೇ ಸೀಮೆಯ ಕುರುಗೋಡಿನ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ದಿನನಿತ್ಯದ ಮಾತು; ಜೇನು ಹೂವಿನ ಮೇಲಿರುವ ಹೊತ್ತಿನಲ್ಲೇ ಹೊಡೆದರೆ ಅದು ಸಾಯುತ್ತದೆ. ತೊಗಲುಗೊಂಬೆಯ ನಗೆಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಇದ್ದೇ ಇದ್ದಾರೆ. ಬೆಳಿಗ್ಗೆಯೇ ಪಂಪು ಹೆಗಲಿಗೇರಿಸಿ ಹೊರಟ ಗಂಡನನ್ನು ಬಂಗಾರಕ್ಕ ಅಡ್ಡಗಟ್ಟಿ, ಜೇನು ಗೂಡಿಗೆ ಮರಳುವ ಸಂಜೆಯವರೆಗೆ ಕೂಡಿಸಿಕೊಳ್ಳುವ ಒಂದು ಪ್ರಸಂಗವನ್ನು ಈಗಿನ ಕಲಾವಿದರು ಕಟ್ಟಬೇಕು.